ಮಂಗನ ಕಾಯಿಲೆಗೆ ಹೊಸ ಲಸಿಕೆ ಬರುತ್ತಂತೆ, ಅಲ್ಲಿಯವರೆಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಕಾಡಂಚಿನ ಊರು. ಸ್ವಲ್ಪ ಅಡಿಕೆ ತೋಟ, ನಾಲ್ಕು ದನ ಇವೆ. ಕೆಲವು ವರ್ಷಗಳ ಹಿಂದೆ ಮನೆಯವರೆಲ್ಲ ಮಂಗನ ಕಾಯಿಲೆಯ (ಕೆಎಫ್‌ಡಿ) ಲಸಿಕೆ ಹಾಕಿಸಿಕೊಂಡಿದ್ದೆವು. ಆಮೇಲೆ ಅದನ್ನು ನಿಲ್ಲಿಸಿದರು. ಹೊಸ ಲಸಿಕೆ ಬರುತ್ತದೆ ಎಂದು ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಯಾವಾಗ ಬರುತ್ತದೆ? ಹಳೆಯ ಡೋಸ್‌ಗಳಿಂದ ಈಗಲೂ ಉಪಯೋಗ ಇದೆಯಾ? ಕಾಯಿಲೆಗೆ ಔಷಧಿ ಏನಾದರೂ ಸಿಕ್ಕಿದೆಯಾ? ಅಮ್ಮನಿಗೆ 61 ವರ್ಷ. ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗಬೇಡ ಅಂದರೆ ಕೇಳುವುದಿಲ್ಲ. ಅಣ್ಣನಿಗೆ ಹಿಂದೊಮ್ಮೆ ಈ ಕಾಯಿಲೆ ಬಂದು ಹೋಗಿದೆ. ಅವನಿಗೆ ಮತ್ತೆ ಬರಬಹುದಾ?

ಉತ್ತರ: ಅಣ್ಣನ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ರಕ್ತ ಪರೀಕ್ಷೆಯಲ್ಲಿ ಪಕ್ಕಾ ಕೆಎಫ್‌ಡಿ ಎಂದು ಬಂದಿದ್ದರೆ ಅವರು ಮತ್ತೆ ಹೆದರಬೇಕಾಗಿಲ್ಲ. ಒಮ್ಮೆ ಬಂದು ವಾಸಿಯಾದವರಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಬಹಳ ವರ್ಷ ಉಳಿಯುತ್ತವೆ. ಆದರೆ 'ಮಂಗನ ಕಾಯಿಲೆ ಇದ್ದಿರಬೇಕು' ಎಂದು ಯಾರೋ ಬಾಯಿಮಾತಿನಲ್ಲಿ ಹೇಳಿದ್ದಷ್ಟೇ ಆಗಿದ್ದರೆ ಅದನ್ನು ನಂಬಿ ಕೂರಬೇಡಿ. ಮನೆಯಲ್ಲಿ ಹಳೆಯ ರಿಪೋರ್ಟ್ ಇದ್ದರೆ ಹುಡುಕಿ ನೋಡಿ.

ಇನ್ನು ನಿಮ್ಮ ಹಳೆಯ ಡೋಸ್‌ಗಳು. ಹಾಕಿಸಿಕೊಂಡೇ ಇಲ್ಲ ಎಂದು ಲೆಕ್ಕ ಹಾಕಿಕೊಂಡರೆ ಒಳ್ಳೆಯದು. ಕಠಿಣವಾಗಿ ಹೇಳಿದೆ ಅನ್ನಿಸಬಹುದು. ಕಾರಣ ಹೇಳುತ್ತೇನೆ, ಯಾಕೆಂದರೆ ಹಳೆಯದು ಯಾಕೆ ನಿಂತಿತು ಎಂದು ಗೊತ್ತಾದರೆ ಹೊಸದರಿಂದ ಏನು ನಿರೀಕ್ಷೆ ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಉಣುಗು ಕಚ್ಚುವುದರಿಂದ ಹರಡುವ ಈ ವೈರಸ್ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು 1957ರಲ್ಲಿ. ಪುಣೆಯಿಂದ ಬಂದ ವಿಜ್ಞಾನಿಗಳಿಗೆ ಇದು ರಷ್ಯಾ ಕಡೆಯ ಉಣುಗು ಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ ಎಂದು ಬೇಗನೆ ಗೊತ್ತಾಯಿತು. ಹಾಗಾದರೆ ಆ ಜ್ವರದ ಲಸಿಕೆಯೇ ಇಲ್ಲಿಗೂ ಆಗಬಹುದು ಅಂದುಕೊಂಡು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕೊಟ್ಟೂ ನೋಡಿದರು. ಉಪಯೋಗ ಆಗಲಿಲ್ಲ. ಆಮೇಲೆ ನಮ್ಮದೇ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಮಾಡಿದ್ದೇ ನೀವು ಹಾಕಿಸಿಕೊಂಡ ಲಸಿಕೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು.

1990ರಿಂದ 92ರವರೆಗೆ ನಡೆದ ದೊಡ್ಡ ಪ್ರಯೋಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಒಂದು ಡೋಸ್‌ಗೆ ಶೇ 79, ಎರಡಕ್ಕೆ ಶೇ 93ರಷ್ಟು ರಕ್ಷಣೆ ಎಂದು ವರದಿಯಾಯಿತು. ಆದರೆ 2005ರಿಂದ 2010ರ ನಡುವಿನ ನಿಜವಾದ ಅನುಭವವನ್ನು ಲೆಕ್ಕ ಹಾಕಿದಾಗ ಎರಡು ಡೋಸ್‌ಗೆ ಶೇ 62 ಮಾತ್ರ. ಬೂಸ್ಟರ್ ಕೂಡ ಹಾಕಿಸಿಕೊಂಡವರಲ್ಲಿ ಶೇ 83. ಅಂದರೆ ಲಸಿಕೆ ಇಲ್ಲದಿದ್ದರೆ ಕಾಯಿಲೆ ಬೀಳಬೇಕಾಗಿದ್ದ ನೂರು ಜನರಲ್ಲಿ, ಎರಡೇ ಡೋಸ್ ತಗೊಂಡಿದ್ದರೆ 38 ಜನ ಬಿದ್ದೇ ಬೀಳುತ್ತಿದ್ದರು.

ಬೂಸ್ಟರ್ ಹಾಕಿಸಿಕೊಂಡವರು ಎಷ್ಟು ಜನ ಅನ್ನುವುದೇ ಇಲ್ಲಿ ಮುಖ್ಯ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಒಂದು ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಈ ಇಂಜೆಕ್ಷನ್ ಹಾಕಿಸಿಕೊಂಡರೆ ತೋಳು ಸಿಕ್ಕಾಪಟ್ಟೆ ನೋಯುತ್ತಿತ್ತು. ನಿಮಗೂ ನೆನಪಿರಬೇಕು. ಅಡಿಕೆ ಕೊಯ್ಲಿನ ಹೊತ್ತಿಗೆ ತಂಡ ಬಂದು 'ಬನ್ನಿ, ಲಸಿಕೆ' ಅಂದರೆ ಯಾರು ಎರಡು ದಿನದ ಕೂಲಿ ಬಿಟ್ಟು ಬರುತ್ತಾರೆ? ಜನರಿಗೆ ತಿಳುವಳಿಕೆ ಇಲ್ಲ ಎಂದು ಆಗ ಬೈದವರಿದ್ದಾರೆ. ನನ್ನ ಪ್ರಕಾರ ಅದು ಜನರ ತಪ್ಪಲ್ಲ. ಏಳೆಂಟು ಸಲ ಚುಚ್ಚಿಸಿಕೊಂಡರೆ ಮಾತ್ರ ಕೆಲಸ ಮಾಡುವ, ಪ್ರತಿ ಸಲ ನೋಯುವ ಲಸಿಕೆ ಹಳ್ಳಿಯ ಬದುಕಿಗೆ ಹೊಂದುವುದಿಲ್ಲ. ಮೇಲಿಂದ ಲಸಿಕೆಯ ಸಾಮರ್ಥ್ಯದ ಬಗ್ಗೆಯೇ ಪ್ರಶ್ನೆ ಎದ್ದವು. 2022ರಲ್ಲಿ ಅದನ್ನು ಕೊಡುವುದನ್ನು ನಿಲ್ಲಿಸಿದರು.

ಈಗ ಹೊಸದರ ವಿಷಯಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿಯ ಜೊತೆ ಸೇರಿ ಇದನ್ನು ಮಾಡಿಸುತ್ತಿದೆ. ಹುಚ್ಚುನಾಯಿ ಕಡಿತದ ಲಸಿಕೆ ಮಾಡುವ ಕಂಪನಿ ಅದು. ಹೊಸ ಲಸಿಕೆಯಲ್ಲೂ ಇರುವುದು ಕೊಂದ ವೈರಸ್ಸೇ. ವ್ಯತ್ಯಾಸ ಏನೆಂದರೆ, ಜೊತೆಗೆ ಅಡ್ಜುವೆಂಟ್ ಎಂಬ ಪದಾರ್ಥ ಸೇರಿಸಿದ್ದಾರೆ. ಅದು ರೋಗನಿರೋಧಕ ಶಕ್ತಿಯನ್ನು ಕೆಣಕಿ ಜಾಸ್ತಿ ಪ್ರತಿಕಾಯ ಮಾಡಿಸುತ್ತದೆ. ಎರಡೇ ಡೋಸ್‌ನಲ್ಲಿ ಕೆಲಸ ಮುಗಿಸುವುದು ಗುರಿ. ಪ್ರಾಣಿಗಳ ಮೇಲಿನ ಪರೀಕ್ಷೆಗಳು ಆಗಿವೆ, ಈಗ ಮನುಷ್ಯರ ಮೇಲಿನ ಪ್ರಯೋಗದ ಶುರುವಿನ ಹಂತ.

ಶುರುವಿನ ಹಂತ ಅಂದರೆ ಏನು? ಕೆಲವೇ ಕೆಲವು ಆರೋಗ್ಯವಂತರಿಗೆ ಕೊಟ್ಟು, ತೊಂದರೆ ಆಗುವುದಿಲ್ಲ ಎಂದು ನೋಡುತ್ತಾರೆ. ಎರಡನೇ ಹಂತದಲ್ಲಿ ಇನ್ನಷ್ಟು ಜನರಿಗೆ ಕೊಟ್ಟು, ಎಷ್ಟು ಡೋಸ್‌ಗೆ ಎಷ್ಟು ಪ್ರತಿಕಾಯ ಬರುತ್ತದೆ ಎಂದು ಅಳೆಯುತ್ತಾರೆ. ಕಾಯಿಲೆ ನಿಜವಾಗಿ ತಡೆಯುತ್ತದಾ ಎನ್ನುವುದು ಮೂರನೇ ಹಂತದ ಪ್ರಶ್ನೆ. ಮಂಗನ ಕಾಯಿಲೆಗೆ ದೊಡ್ಡ ತೊಡಕು ಇರುವುದು ಈ ಮೂರನೆಯದರಲ್ಲೇ. ಪೇಪರಿನವರು ಇದನ್ನು ಬರೆಯುವುದು ಕಡಿಮೆ.

ದೇಶದಲ್ಲಿ ವರ್ಷಕ್ಕೆ ಸುಮಾರು 400ರಿಂದ 500 ಕೇಸ್ ಇರುವ ಕಾಯಿಲೆ ಇದು. ಒಂದು ಲೆಕ್ಕ ಹಾಕೋಣ. ಸಾವಿರ ಜನರಲ್ಲಿ ಒಬ್ಬರಿಗೆ ಕಾಯಿಲೆ ಬರುವ ಊರುಗಳನ್ನು ಆರಿಸಿಕೊಂಡೆವು ಎಂದು ಇಟ್ಟುಕೊಳ್ಳಿ. 20 ಸಾವಿರ ಜನರನ್ನು ಒಪ್ಪಿಸಿ, ಅರ್ಧ ಜನಕ್ಕೆ ಮಾತ್ರ ಲಸಿಕೆ ಕೊಟ್ಟೆವು. ಸೀಸನ್ ಮುಗಿದಾಗ ಲಸಿಕೆ ಇಲ್ಲದ ಕಡೆ 10 ಕೇಸ್, ಇರುವ ಕಡೆ ಮೂರೋ ನಾಲ್ಕೋ. ಇಷ್ಟು ಸಣ್ಣ ಸಂಖ್ಯೆ ಹಿಡಿದುಕೊಂಡು ಲಸಿಕೆ ಗೆದ್ದಿತು ಎಂದು ಎದೆ ತಟ್ಟಿ ಹೇಳಲು ಆಗುವುದಿಲ್ಲ, ಅದೃಷ್ಟವೂ ಇರಬಹುದು. ಇನ್ನೊಂದು ತಲೆನೋವು, ಈ ವೈರಸ್ ಒಂದೇ ಕಡೆ ನಿಲ್ಲುವುದಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟು ಜೋರಾಗಿತ್ತು ಎಂದು ನಿಮಗೆಲ್ಲ ಗೊತ್ತು. ಅದೇ ಊರಲ್ಲಿ ಮುಂದಿನ ವರ್ಷವೂ ಹಾಗೇ ಬರುತ್ತದೆ ಎಂದು ಯಾರೂ ಹೇಳಲಾರರು. ಒಂದು ಕಾಲಕ್ಕೆ ನಮ್ಮ ಜಿಲ್ಲೆಯ ಕಾಯಿಲೆ ಅಂದುಕೊಂಡಿದ್ದು ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಗಿದೆ. ಪ್ರಯೋಗಕ್ಕೆ ಊರು ಆರಿಸುವುದೇ ಒಂದು ಜೂಜು.

ಹಾಗಾಗಿ ಇಂಥ ಕಾಯಿಲೆಗಳಲ್ಲಿ ರಕ್ತದಲ್ಲಿ ಬರುವ ಪ್ರತಿಕಾಯವನ್ನೇ ಅಳತೆಗೋಲಾಗಿ ಹಿಡಿಯಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡವರ ಸೀರಮ್ಮನ್ನು (ರಕ್ತದ ತಿಳಿಯನ್ನು) ವೈರಸ್ಸಿನ ಜೊತೆ ಬೆರೆಸಿ, ಅದು ವೈರಸ್ಸನ್ನು ಕಟ್ಟಿಹಾಕುತ್ತದಾ ಎಂದು ಲ್ಯಾಬಿನಲ್ಲಿ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಲಸಿಕೆ ಬಂದ ಮೇಲೂ ಕೆಲವು ವರ್ಷ ಹಳ್ಳಿ ಹಳ್ಳಿಯ ಲೆಕ್ಕ ಇಡಲೇಬೇಕು. ಹಳೆಯ ಲಸಿಕೆಯ ಶೇ 93 ಹೇಗೆ 62ಕ್ಕೆ ಇಳಿಯಿತು ನೋಡಿದಿರಲ್ಲ.

ಯಾವಾಗ ಬರುತ್ತದೆ ಎಂದು ಕೇಳಿದಿರಿ. ತಾರೀಖು ಹೇಳುವವರನ್ನು ನಂಬಬೇಡಿ. ಈ ಸೀಸನ್ನಿಗಂತೂ ಇಲ್ಲ. ಮೊದಲ ಹಂತಕ್ಕೆ ಸಾಮಾನ್ಯವಾಗಿ ಆರೋಗ್ಯವಂತ ವಯಸ್ಕರನ್ನೇ ಆರಿಸುತ್ತಾರೆ, ಹಾಗಾಗಿ ನಿಮ್ಮ ಅಮ್ಮನ ವಯಸ್ಸಿನವರ ಸರದಿ ಬರುವುದು ಆಮೇಲೆ. ಮುಂದೆ ನಿಮ್ಮ ಊರಿಗೇ ಪ್ರಯೋಗದ ತಂಡ ಬಂದರೆ ಹೆದರಬೇಡಿ, ಆದರೆ ಕೇಳಿ. ಸಿಟಿಆರ್‌ಐನಲ್ಲಿ, ಅಂದರೆ ದೇಶದ ಔಷಧ ಪ್ರಯೋಗಗಳ ಪಟ್ಟಿಯಲ್ಲಿ, ನೋಂದಣಿ ಆಗಿದೆಯಾ? ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯಾ? ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಎಂದು 2019ರ ಔಷಧ ಪ್ರಯೋಗ ನಿಯಮಗಳೇ ಹೇಳುತ್ತವೆ. ಮಧ್ಯದಲ್ಲಿ ಬೇಡ ಅನ್ನಿಸಿದರೆ ಯಾವ ಕಾರಣವನ್ನೂ ಕೊಡದೆ ಬಿಟ್ಟು ಬರಬಹುದು. ನೋವು ಎಷ್ಟಿರುತ್ತದೆ, ಎಷ್ಟು ವರ್ಷ ರಕ್ಷಣೆ ಉಳಿಯುತ್ತದೆ ಎಂದೂ ಕೇಳಿ. ಹಳೆಯ ಲಸಿಕೆ ಸೋತಿದ್ದೇ ಈ ಎರಡು ವಿಷಯದಲ್ಲಿ.

ಬೇರೆ ಕಡೆಯೂ ಕೆಲಸ ನಡೆದಿದೆ. ದನ, ಕುದುರೆಗಳಿಗೆ ಬಾಯಿಹುಣ್ಣು ತರುವ ಒಂದು ವೈರಸ್ ಇದೆ. ಅದನ್ನು ಸಾಧು ಮಾಡಿ, ಅದರ ಮೇಲೆ ಕೆಎಫ್‌ಡಿ ವೈರಸ್ಸಿನ ಪ್ರೋಟೀನ್ ಕೂರಿಸಿ ಅಮೆರಿಕದ ಸಂಶೋಧಕರು ಇನ್ನೊಂದು ಲಸಿಕೆ ಮಾಡಿದ್ದಾರೆ. ಎಬೋಲಾ ಲಸಿಕೆಗೆ ಬಳಸಿದ್ದೂ ಇದೇ ತಂತ್ರ. ಒಂದೇ ಡೋಸ್ ಕೊಟ್ಟ ಕೋತಿಗಳಿಗೆ ಕಾಯಿಲೆಯಿಂದ ರಕ್ಷಣೆ ಸಿಕ್ಕಿತು ಎಂದು 2023ರಲ್ಲಿ ಪ್ರಕಟವಾಯಿತು. ಒಂದೇ ಡೋಸ್ ಅನ್ನುವುದು ನನಗೆ ಆಸೆ ಹುಟ್ಟಿಸುತ್ತದೆ. ಆದರೆ ಇದು ಜೀವಂತ ವೈರಸ್ ಇರುವ ಲಸಿಕೆ, ಮನುಷ್ಯರಿಗೆ ಬರಲು ಇನ್ನೂ ದೂರ ಇದೆ.

ಔಷಧಿಯ ಪ್ರಶ್ನೆಗೆ ಉತ್ತರ ಚಿಕ್ಕದು: ಇನ್ನೂ ಇಲ್ಲ. ಬೇರೆ ವೈರಸ್‌ಗಳಿಗೆಂದು ತಯಾರಾದ ಕೆಲವು ಔಷಧಿಗಳು ಲ್ಯಾಬಿನ ಜೀವಕೋಶಗಳಲ್ಲಿ ಈ ವೈರಸ್ ಬೆಳೆಯದಂತೆ ತಡೆದಿವೆ. ಅಷ್ಟೇ. ಹಾಗೆಂದು ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ ಎಂದು ಮನೆಯಲ್ಲೇ ಮಲಗುವುದು ದೊಡ್ಡ ತಪ್ಪು. ಡ್ರಿಪ್ ಎಷ್ಟು ಕೊಡಬೇಕು, ಪ್ಲೇಟ್‌ಲೆಟ್ ಯಾವಾಗ ಹಾಕಬೇಕು, ಬಿಪಿ ಇಳಿಯುತ್ತಿದೆಯಾ, ರಕ್ತಸ್ರಾವ ಇದೆಯಾ ಎಂದು ನೋಡಿಕೊಳ್ಳುವುದರಿಂದಲೇ ಜನ ಉಳಿಯುತ್ತಾರೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ತಡವಾಗಿ ಬಂದವರಿಗೆ, ವಯಸ್ಸಾದವರಿಗೆ, ಬಿಪಿ ಶುಗರ್ ಇರುವವರಿಗೆ ಅಪಾಯ ಜಾಸ್ತಿ.

ನನ್ನನ್ನು ಕೇಳಿದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಕಡೆ ಆಗಿರುವ ನಿಜವಾದ ಪ್ರಗತಿ ಲಸಿಕೆಯಲ್ಲಿ ಅಲ್ಲ, ರಕ್ತ ಪರೀಕ್ಷೆಯಲ್ಲಿ. ಮೊದಲು ರಕ್ತದ ಮಾದರಿ ಪುಣೆಗೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ರೋಗಿ ಒಂದೋ ಎದ್ದು ಓಡಾಡುತ್ತಿದ್ದರು, ಇಲ್ಲವೇ ತೀರಿಹೋಗಿರುತ್ತಿದ್ದರು. ಈಗ ಶಿವಮೊಗ್ಗದಲ್ಲೇ ಆರೋಗ್ಯ ಇಲಾಖೆಯ ವೈರಸ್ ಪತ್ತೆ ಲ್ಯಾಬ್ ಇದೆ. ಕ್ಷಯದ ಕಫ ಪರೀಕ್ಷೆಗೆ ಬಳಸುವ ಟ್ರೂನಾಟ್ ಎಂಬ ಪುಟ್ಟ ಮೆಷಿನ್ ನೋಡಿರುತ್ತೀರಿ, ಗೋವಾದ ಕಂಪನಿಯದ್ದು. ಅದರಲ್ಲಿ ಹಾಕುವ ಕೆಎಫ್‌ಡಿ ಚಿಪ್ಪನ್ನೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಜೊತೆ ಸೇರಿ ತಯಾರಿಸಿದ್ದಾರೆ. ದೊಡ್ಡ ಲ್ಯಾಬ್ ಬೇಡ, ಗಂಟೆಗಳಲ್ಲಿ ಉತ್ತರ ಸಿಗುತ್ತದೆ.

ಆದರೆ ಯಾವ ದಿನ ಯಾವ ಪರೀಕ್ಷೆ ಎನ್ನುವುದು ಗೊತ್ತಿರಬೇಕು. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಆಗ ಪಿಸಿಆರ್ ಅಥವಾ ಟ್ರೂನಾಟ್ ಹಿಡಿಯುತ್ತದೆ. ಹೆಚ್ಚುಕಡಿಮೆ ಐದನೇ ದಿನದಿಂದ ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುತ್ತದೆ, ಅದನ್ನು ಎಲೈಸಾ ಹಿಡಿಯುತ್ತದೆ. ಎಂಟು ಹತ್ತು ದಿನ ಬಿಟ್ಟು ಬಂದವರಿಗೆ ಪಿಸಿಆರ್ ಮಾತ್ರ ಮಾಡಿ 'ನೆಗೆಟಿವ್, ಮನೆಗೆ ಹೋಗಿ' ಅಂದರೆ ಕಾಯಿಲೆ ಕೈತಪ್ಪಬಹುದು. ಅಂಥ ಸಂದರ್ಭದಲ್ಲಿ 'ಐಜಿಎಂ ಕೂಡ ಕಳಿಸ್ತೀರಾ ಡಾಕ್ಟ್ರೇ?' ಎಂದು ಕೇಳಿ. ಸಂಕೋಚ ಬೇಡ.

ಡಾಕ್ಟರ ಹತ್ತಿರ ಹೋದಾಗ 'ಜ್ವರ' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಬೆಟ್ಟಕ್ಕೆ ಯಾವಾಗ ಹೋಗಿದ್ದು, ಉಣುಗು ಕಚ್ಚಿತ್ತಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ, ಪಕ್ಕದ ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ, ಎಲ್ಲ ಹೇಳಿ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಏಕಾಏಕಿ ಏರುತ್ತದೆ. ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾಗದ ನೋವು, ವಾಂತಿ. ಕಣ್ಣು ಕೆಂಪಗಾಗಿ ಬೆಳಕು ನೋಡಲು ಆಗುವುದಿಲ್ಲ. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಹಿಂಭಾಗದ ಅಂಗುಳಿನ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ ಕಾಣಬಹುದು. ಜ್ವರ 103 ಇದ್ದರೂ ನಾಡಿ ನಿಧಾನವಾಗಿರುತ್ತದೆ. ರಕ್ತ ಪರೀಕ್ಷೆಯಲ್ಲಿ ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುತ್ತವೆ. ಇದನ್ನು ನೋಡಿ 'ಡೆಂಗಿ' ಅಂದುಕೊಳ್ಳುವುದು ತೀರಾ ಸುಲಭ. ಡೆಂಗಿ ಕಿಟ್ ನೆಗೆಟಿವ್ ಬಂದರೆ ಅಲ್ಲಿಗೇ ನಿಲ್ಲಿಸಬಾರದು.

ಇನ್ನೊಂದು ಗೊಂದಲ ಇದೆ. ಇಲಿ ಜ್ವರ ಮತ್ತು ಸ್ಕ್ರಬ್ ಟೈಫಸ್ ಕೂಡ ಮಲೆನಾಡಿನಲ್ಲಿ ಇವೆ. ತೋಟ, ಗದ್ದೆ, ಪೊದೆ, ಎಲ್ಲ ಅದೇ ಜಾಗ, ಅದೇ ಜನ. ಈ ಎರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ರಿಪೋರ್ಟ್ ಬರುವ ಮೊದಲೇ ಡಾಕ್ಟರು ಅದನ್ನು ಶುರು ಮಾಡಿದರೆ 'ವೈರಸ್ಸಿಗೆ ಯಾಕೆ ಆ್ಯಂಟಿಬಯೋಟಿಕ್' ಎಂದು ಜಗಳ ಮಾಡಬೇಡಿ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ನೋವಿಲ್ಲದ ಕಪ್ಪು ಹಕ್ಕಳೆ ಇದ್ದರೆ ತೋರಿಸಿ. ಅದು ಸ್ಕ್ರಬ್ ಟೈಫಸ್ಸಿನ ಗುರುತು. ಹೆಂಗಸರು ಇದನ್ನು ನಾಚಿಕೆಯಿಂದ ಹೇಳುವುದೇ ಇಲ್ಲ.

ಜಗಳ ಮಾಡಬೇಕಾದದ್ದು ಬೇರೊಂದಕ್ಕೆ. ಮೈಕೈ ನೋವು ಎಂದರೆ ಸಾಕು, ಸೊಂಟಕ್ಕೆ ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚುವ ಅಭ್ಯಾಸ ನಮ್ಮ ಕಡೆ ಇದೆ. ಜನರೂ 'ಒಂದು ಸೂಜಿ ಹಾಕಿ ಡಾಕ್ಟ್ರೇ' ಎಂದು ತಾವೇ ಕೇಳುತ್ತಾರೆ. ಪ್ಲೇಟ್‌ಲೆಟ್ ಇಳಿದಿರುವಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಸಾಕು, ಅದೂ ಡಾಕ್ಟರು ಹೇಳಿದ ಅಳತೆಯಲ್ಲಿ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತಗೊಳ್ಳುವವರಿದ್ದರೆ ತಾವಾಗಿ ನಿಲ್ಲಿಸುವುದು ಬೇಡ, ಆದರೆ ಡಾಕ್ಟರಿಗೆ ಹೇಳಿ.

ಮೂಗು ಅಥವಾ ಒಸಡಿನಲ್ಲಿ ರಕ್ತ, ಕಪ್ಪು ಮಲ, ಮಂಕು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಅವರು ಹೇಳಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ತಡಮಾಡದೆ ಹೋಗಿ. ಮತ್ತೆ ಜ್ವರ ಬಿಟ್ಟಿತು ಎಂದು ಕೂಡಲೇ ತೋಟಕ್ಕಿಳಿಯಬೇಡಿ. ಹತ್ತರಿಂದ ಇಪ್ಪತ್ತು ಪರ್ಸೆಂಟ್ ಜನರಿಗೆ ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ ಮರುಕಳಿಸುತ್ತದೆ. ಈ ಸಲ ಕುತ್ತಿಗೆ ಬಿಗಿತ, ಕೈ ನಡುಕ, ಮಾತು ತಪ್ಪುವುದು, ಅಂದರೆ ಮಿದುಳಿಗೆ ಸಂಬಂಧಿಸಿದ ಲಕ್ಷಣಗಳು ಇರುತ್ತವೆ.

ಈಗ ನಿಮ್ಮ ಅಮ್ಮ. ಬೆಟ್ಟಕ್ಕೆ ಹೋಗಬೇಡಿ ಎಂದು ನಾನೂ ಹೇಳುವುದಿಲ್ಲ. ದರಕಿಲ್ಲದೆ ಕೊಟ್ಟಿಗೆ ಇಲ್ಲ, ಗೊಬ್ಬರವಿಲ್ಲದೆ ತೋಟ ಇಲ್ಲ. ಆಗದ ಸಲಹೆ ಕೊಟ್ಟು ಏನು ಪ್ರಯೋಜನ, ಅಲ್ವಾ? ಯಾವಾಗ, ಎಲ್ಲಿಗೆ, ಹೇಗೆ ಎಂಬುದನ್ನು ಬದಲಾಯಿಸಬಹುದು. ಮನುಷ್ಯರಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಮರಿ ಉಣುಗು. ಎಳ್ಳಿನಷ್ಟು ಇರುತ್ತದೆ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಇವು ಡಿಸೆಂಬರಿನಿಂದ ಮೇ ತನಕ ಒಣ ಎಲೆಯ ರಾಶಿಯಲ್ಲಿ ತುಂಬಿರುತ್ತವೆ. ದರಕು ಗುಡಿಸುವುದೂ ಅದೇ ತಿಂಗಳುಗಳಲ್ಲಿ. ಸೀಸನ್ನಿಗೆ ಮುಂಚೆ ಆದಷ್ಟು ತಂದು ಹಾಕಿಕೊಳ್ಳಲು ಸಾಧ್ಯವಾದರೆ ಒಳ್ಳೆಯದು. ಅಡಿಕೆ ಸೋಗೆಯನ್ನು ಕತ್ತರಿಸಿ ಕೊಟ್ಟಿಗೆಗೆ ಹಾಸಿದರೆ ಬೆಟ್ಟದ ಓಡಾಟ ಕಡಿಮೆಯಾಗುತ್ತದೆ.

ಹೋಗುವ ದಿನ ಡೆಪಾ ಎಣ್ಣೆ ಹಚ್ಚಿಕೊಳ್ಳಲೇಬೇಕು. ಆಶಾ ಕಾರ್ಯಕರ್ತೆಯ ಹತ್ತಿರ ಅಥವಾ ಪಿಎಚ್‌ಸಿಯಲ್ಲಿ ಕೇಳಿ. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಕಂಡುಹಿಡಿದ ಕೀಟ ನಿವಾರಕ ಅದು. ಅಂಟಂಟು, ವಾಸನೆ ಎಂದು ಬಾಟಲಿಯನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟಿರುವ ಮನೆಗಳು ಎಷ್ಟೋ. ಪಾದದಿಂದ ಮಂಡಿಯವರೆಗೆ, ಬೆರಳಿನಿಂದ ಮೊಣಕೈಯವರೆಗೆ, ಕುತ್ತಿಗೆಗೆ ಹಚ್ಚಲಿ. ಉದ್ದ ತೋಳಿನ ಅಂಗಿ, ಒಳಗೊಂದು ಪ್ಯಾಂಟ್, ಅದರ ತುದಿ ಸಾಕ್ಸ್ ಒಳಗೆ. ಬೆಟ್ಟದಲ್ಲಿ ನೆಲದ ಮೇಲೆ ಕೂತು ಎಲೆಅಡಿಕೆ ಹಾಕುವುದು ಬೇಡ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಸ್ನಾನ. ಆಮೇಲೆ ಕಂಕುಳು, ಕಿವಿ ಹಿಂದೆ, ಮಂಡಿ ಸಂದು ನೋಡಲು ಮನೆಯವರು ಯಾರಾದರೂ ಸಹಾಯ ಮಾಡಿ. ಉಣುಗು ಕಚ್ಚಿಕೊಂಡಿದ್ದರೆ ಸುಣ್ಣ, ಸೀಮೆಎಣ್ಣೆ, ಬೀಡಿ ಕೆಂಡ ಯಾವುದೂ ಬೇಡ. ಸಣ್ಣ ಚಿಮ್ಮಟದಲ್ಲಿ ಚರ್ಮಕ್ಕೆ ತಾಗುವ ಹಾಗೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಚಿವುಟಿ ಒಡೆಯಬೇಡಿ.

ದನಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಬೇಕು. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗುಗಳ ಸಂಖ್ಯೆ ಬೆಳೆಯುವುದು ದನದ ರಕ್ತದಿಂದಲೇ. 2020ರಲ್ಲಿ ಪ್ರಕಟವಾದ ಭಾರತ ಮತ್ತು ಬ್ರಿಟನ್ ಸಂಶೋಧಕರ ಅಧ್ಯಯನವೊಂದು ಶಿವಮೊಗ್ಗ ಜಿಲ್ಲೆಯಲ್ಲಿ ಯಾವ ಊರಿಗೆ ಅಪಾಯ ಜಾಸ್ತಿ ಎಂದು ನೋಡಿತ್ತು. ಕಾಡಿನ ನಡುವೆ ತೋಟಗಳು ಬೆರೆತ, ನಾಟಿ ದನ ಹೆಚ್ಚಿರುವ ಊರುಗಳಲ್ಲಿ ಅಪಾಯ ಹೆಚ್ಚು ಎಂದು ಕಂಡಿತು. ಅಂದರೆ ನಿಮ್ಮಂಥ ಊರುಗಳೇ. ಸೀಸನ್ ಶುರುವಾಗುವ ಮೊದಲು ಪಶು ಆಸ್ಪತ್ರೆಗೆ ಹೋಗಿ ಉಣುಗಿನ ಔಷಧಿ ಕೇಳಿ. ಕರೆಯುವ ಹಸುವಿಗೆ ಯಾವುದು ಕೊಡಬಹುದು, ಹಾಲು ಎಷ್ಟು ದಿನ ಬಳಸಬಾರದು ಎಂದೂ ಕೇಳಿಕೊಳ್ಳಿ.

ಕೊನೆಯದಾಗಿ ಸತ್ತ ಮಂಗದ ವಿಷಯ. ಕಪ್ಪು ಮೂತಿಯ ಮುಸಿಯವಾಗಲಿ, ಕೆಂಪು ಮೂತಿಯದಾಗಲಿ, ಸತ್ತ ಮೇಲೆ ಅದರ ಮೈಯಿಂದ ಉಣುಗುಗಳು ಇಳಿದು ಸುತ್ತಲಿನ ಎಲೆಗಳಲ್ಲಿ ಹರಡುತ್ತವೆ. ಕಾಯಿಲೆಯಿಂದ ಸತ್ತ ಮಂಗವಾದರೆ ಆ ಜಾಗ ವಾರಗಟ್ಟಲೆ ಅಪಾಯ. ಮುಟ್ಟುವುದು, ಹೂಳುವುದು, ಹೂ ಹಾಕಿ ಕೈಮುಗಿಯಲು ಹತ್ತಿರ ಹೋಗುವುದು ಬೇಡ. ದೂರದಿಂದಲೇ ಪಿಎಚ್‌ಸಿಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ. ಅವರು ಬಂದು ಮಾದರಿ ತೆಗೆದು ಮೆಲಾಥಿಯಾನ್ ಪುಡಿ ಹಾಕುತ್ತಾರೆ. ಆ ಬೇಸಿಗೆ ಮುಗಿಯುವ ತನಕ ಅಮ್ಮನೂ ದನಗಳೂ ಆ ದಾರಿ ಬಿಟ್ಟು ಬೇರೆ ಕಡೆಯಿಂದ ಹೋಗಲಿ.